ಕೇಳಿ, ಹೇಳ್ತೀವಿ: ಲಿವರ್‌ಪೂಲಿನ ಮಾತುಗಾರ

ಹೋದ ವಾರ ಒಬ್ಬ ಓದುಗರು ‘ತಕೇಶೀಸ್ ಕಾಸಲ್’ ಬಗ್ಗೆ ಕೇಳಿದ್ದರು. ಪೋಗೋ ಚಾನೆಲ್ಲಿನಲ್ಲಿ ಜನ ಸಾಲು ಸಾಲಾಗಿ ಕೆಸರಿಗೆ ಬೀಳುತ್ತಿದ್ದ ಆ ಜಪಾನಿ ಆಟ, ಅದಕ್ಕೆ ಜಾವೇದ್ ಜಾಫ್ರಿಯ ಹಿಂದಿ ಕಾಮೆಂಟ್ರಿ, ನೆನಪಿದೆ ಅಲ್ವಾ? ಉತ್ತರ ಕೊಡುವಾಗ ಕೊನೆಗೊಂದು ಸಾಲು ಸುಮ್ನೆ ಸೇರಿಸಿದ್ದೆ. ಬ್ರಿಟನ್ನಿನಲ್ಲಿ ಇದೇ ಕೆಲಸ ಮಾಡಿದ್ದು ಕ್ರೇಗ್ ಚಾರ್ಲ್ಸ್, ಅವರು ನಟರೂ ಹೌದು, ಟೀವಿ ನಿರೂಪಕರೂ ಹೌದು, ರೇಡಿಯೊ ಡಿಜೆಯೂ ಹೌದು ಅಂತ. ಆ ಒಂದು ಸಾಲಿಗೆ ಈ ವಾರ ಬಂದ ಪತ್ರ ನೋಡಿ ನನಗೇ ಆಶ್ಚರ್ಯ. ಹಾಗಾಗಿ ಈ ಸಲ ಪೂರ್ತಿ ಅವರದೇ ಪುಟ. ಬೆಂಡೆಕಾಯಿ ಲೋಳೆ ಹೋಗಿಸೋದು ಹೇಗೆ ಎಂದು ಕೇಳಿದ ಚನ್ನರಾಯಪಟ್ಟಣದ ಅಕ್ಕ ಒಂದು ವಾರ ಕಾಯಬೇಕು.

ಪ್ರಶ್ನೆ: ಯಾರು ಸಾರ್ ಈ ಕ್ರೇಗ್ ಚಾರ್ಲ್ಸ್? ಒಂದೇ ಮಾತಲ್ಲಿ ಹೇಳಿ. (ಹಾಸನ)

ಒಂದೇ ಮಾತಲ್ಲಿ ಅಂದರೆ ಮಾತುಗಾರ. ಸಾಲದು ಅಂದರೆ ಇನ್ನು ನಾಲ್ಕು ಮಾತು ಕೇಳಿ. 1964ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದರು. ಅಪ್ಪ ಗಯಾನಾದಿಂದ ಬಂದವರು, ಅಮ್ಮ ಐರಿಷ್. ಹಡಗುಕಟ್ಟೆಯ ಊರಾದ ಲಿವರ್‌ಪೂಲಿನಲ್ಲಿ ಇಂಥ ಸಂಸಾರ ಹೊಸದೇನಲ್ಲ. ಆ ಊರಿನವರ ಇಂಗ್ಲಿಷಿಗೆ ‘ಸ್ಕೌಸ್’ ಅಂತ ಹೆಸರು. ಮೂಗಿನಿಂದ ಬರುವ ರಾಗ, ಏರಿಳಿತ ಜಾಸ್ತಿ. ಲಂಡನ್ನಿನವರು ಅದನ್ನು ಆಡಿಕೊಂಡು ನಗುತ್ತಾರೆ, ಬೆಂಗಳೂರಿನವರು ಹುಬ್ಬಳ್ಳಿ ಮಾತನ್ನು ಆಡಿಕೊಳ್ಳುವ ಹಾಗೆ. ಈ ಮನುಷ್ಯ ಅದೇ ರಾಗ ಇಟ್ಟುಕೊಂಡು ನಲವತ್ತು ವರ್ಷ ಊಟ ಮಾಡಿದ್ದಾರೆ.

ಮೊದಲು ಮಾಡಿದ ಕೆಲಸ ನಟನೆಯಲ್ಲ, ಕವಿತೆ. ಪುಸ್ತಕದ ಕವಿತೆ ಅಂದುಕೊಳ್ಳಬೇಡಿ. 80ರ ದಶಕದಲ್ಲಿ ಕ್ಲಬ್ಬುಗಳಲ್ಲಿ ಬ್ಯಾಂಡಿನವರು ವೈರು ಜೋಡಿಸುತ್ತಿರುವಾಗ, ಕುಡಿದು ಗಲಾಟೆ ಮಾಡುವ ಜನರ ಮುಂದೆ ಮೈಕು ಹಿಡಿದು ಜೋರಾಗಿ ಹೇಳುವ ಕವಿತೆ. ಜನ ಕೇಳದೆ ಇದ್ದರೆ ಇಳಿದು ಹೋಗಬೇಕು, ಅಷ್ಟೇ. ಅಲ್ಲಿಂದ ಟೀವಿಗೆ ಬಂದರು.

ಪ್ರಶ್ನೆ: ಕವಿಯನ್ನು ಕರೆದು ಯಾರಾದರೂ ಟೀವಿ ಹೀರೋ ಮಾಡುತ್ತಾರಾ? ನಮ್ಮಲ್ಲಿ ಕವಿಗೆ ಶಾಲು, ಹಾರ, ಬುಟ್ಟಿ ಹಣ್ಣು, ಅಲ್ಲಿಗೆ ಮುಗಿಯಿತು. (ಕುಂದಾಪುರ)

ನಿಮ್ಮ ನೋವು ಅರ್ಥವಾಯಿತು, ನೀವೂ ಕವಿ ಅಂತ ಕಾಣುತ್ತದೆ.

ಕಥೆ ಹೀಗಿದೆ. ಬಿಬಿಸಿಗೆ ‘ರೆಡ್ ಡ್ವಾರ್ಫ್’ ಅನ್ನುವ ಹೊಸ ಹಾಸ್ಯ ಧಾರಾವಾಹಿ ತಯಾರಾಗುತ್ತಿತ್ತು. ರಾಬ್ ಗ್ರಾಂಟ್, ಡಗ್ ನೇಲರ್ ಅಂತ ಇಬ್ಬರು ಬರೆದಿದ್ದು. ಅದರಲ್ಲಿ ‘ಕ್ಯಾಟ್’ ಅಂತ ಒಂದು ಪಾತ್ರ. ಬೆಕ್ಕಿನಿಂದ ವಿಕಾಸವಾಗಿ ಮನುಷ್ಯನ ರೂಪಕ್ಕೆ ಬಂದ ಜೀವಿ, ಶೋಕಿಲಾಲ, ಕನ್ನಡಿ ಬಿಟ್ಟು ಅಲ್ಲಾಡಲ್ಲ. ಅದಕ್ಕೆ ಕಪ್ಪು ಜನಾಂಗದ ನಟ ಬೇಕೆಂದಿತ್ತು. ಇದರಿಂದ ಯಾರಿಗಾದರೂ ನೋವಾಗುತ್ತದಾ ಎಂದು ನಿರ್ಮಾಪಕ ಪಾಲ್ ಜಾಕ್ಸನ್ನಿಗೆ ಅನುಮಾನ. ಸ್ಕ್ರಿಪ್ಟನ್ನು ಚಾರ್ಲ್ಸ್ ಕೈಗೆ ಕೊಟ್ಟು, ಓದಿ ನಿಮ್ಮ ಅಭಿಪ್ರಾಯ ಹೇಳಿ ಅಂದರು. ಇವರು ಓದಿ, ಏನೂ ತೊಂದರೆ ಇಲ್ಲ, ಚೆನ್ನಾಗಿದೆ ಅಂದರು. ಅಷ್ಟಕ್ಕೆ ಬಿಡಲಿಲ್ಲ, ಮುಖ್ಯ ಪಾತ್ರಕ್ಕೆ ನನ್ನನ್ನೇ ಒಮ್ಮೆ ನೋಡಿ ಅಂತಲೂ ಕೇಳಿದರು! ಅಭಿಪ್ರಾಯ ಹೇಳಲು ಹೋದವರು ಪಾತ್ರ ಕಟ್ಟಿಕೊಂಡು ಬಂದರು. ನನಗೂ ಕಥೆ ಓದಿ ಅಭಿಪ್ರಾಯ ಹೇಳಿ ಎಂದು ವಾರಕ್ಕೆ ಎರಡು ಫೈಲು ಬರುತ್ತವೆ, ಇಂಥ ಬುದ್ಧಿ ಮಾತ್ರ ಇದುವರೆಗೆ ಬಂದಿಲ್ಲ.

ಅಲ್ಲಿ ಆಯ್ಕೆಯಾದ ಉಳಿದವರೂ ಮಾಮೂಲಿ ನಟರಲ್ಲ. ಕ್ರಿಸ್ ಬ್ಯಾರಿ ಮಿಮಿಕ್ರಿ ಕಲಾವಿದ, ಡ್ಯಾನಿ ಜಾನ್-ಜೂಲ್ಸ್ ಡ್ಯಾನ್ಸರ್, ನಾರ್ಮನ್ ಲವೆಟ್ ಸ್ಟಾಂಡಪ್ ಕಾಮಿಡಿಯವರು. ಇವರು ಕವಿ. ನಟನೆ ಗೊತ್ತಿಲ್ಲದ ನಾಲ್ಕು ಜನರ ಧಾರಾವಾಹಿ 1988ರ ಫೆಬ್ರವರಿಯಲ್ಲಿ ಬಿಬಿಸಿ 2ರಲ್ಲಿ ಶುರುವಾಗಿ, ನಡುನಡುವೆ ವರ್ಷಗಟ್ಟಲೆ ನಿಂತು, ಚಾನೆಲ್ ಬದಲಾಯಿಸಿ, 2020ರ ತನಕ ಬಂತು.

ಪ್ರಶ್ನೆ: ರೆಡ್ ಡ್ವಾರ್ಫ್ ಕಥೆ ಏನು? ನೋಡಬಹುದಾ? (ಬಳ್ಳಾರಿ)

ಡೇವ್ ಲಿಸ್ಟರ್ ಅಂತ ಒಬ್ಬ, ಚಾರ್ಲ್ಸ್ ಮಾಡಿದ ಪಾತ್ರ ಅದೇ. ದೊಡ್ಡ ಬಾಹ್ಯಾಕಾಶ ಹಡಗಿನಲ್ಲಿ ಎಲ್ಲರಿಗಿಂತ ಕೆಳಗಿನ ನೌಕರ. ಸೂಪು ಕೊಡುವ ಮಶೀನಿನ ಮೂತಿ ಕಟ್ಟಿಕೊಂಡರೆ ಬಿಡಿಸುವುದು ಅವನ ಡ್ಯೂಟಿ. ಕದ್ದುಮುಚ್ಚಿ ಬೆಕ್ಕು ಸಾಕಿ ಸಿಕ್ಕಿಬೀಳುತ್ತಾನೆ. ಬೆಕ್ಕನ್ನು ಒಪ್ಪಿಸು ಅಂದರೆ ಒಪ್ಪಿಸಲ್ಲ. ಶಿಕ್ಷೆಗೆ ಅವನನ್ನು ಕಾಲ ನಿಂತುಹೋಗುವ ಒಂದು ಕೋಣೆಯಲ್ಲಿ ಕೂಡಿಹಾಕುತ್ತಾರೆ. ಅಷ್ಟರಲ್ಲಿ ವಿಕಿರಣ ಸೋರಿ ಹಡಗಿನವರೆಲ್ಲ ಸಾಯುತ್ತಾರೆ. ಕಂಪ್ಯೂಟರು ಅವನನ್ನು ಹೊರಗೆ ಬಿಡುವುದು 30 ಲಕ್ಷ ವರ್ಷ ಕಳೆದ ಮೇಲೆ. ಈಗ ಉಳಿದಿರುವ ಕೊನೆಯ ಮನುಷ್ಯ ಅವನೇ. ಜೊತೆಗೆ ಯಾರು? ಬದುಕಿದ್ದಾಗ ಅವನ ತಲೆ ತಿನ್ನುತ್ತಿದ್ದ ರೂಮ್‌ಮೇಟ್ ರಿಮ್ಮರ್, ಅದೂ ಹೊಲೊಗ್ರಾಮ್, ಅಂದರೆ ಬರೀ ಬೆಳಕಿನ ಬೊಂಬೆಯ ರೂಪದಲ್ಲಿ. ಮತ್ತೆ ಆ ಬೆಕ್ಕಿನ ವಂಶದ ಶೋಕಿಲಾಲ.

ಇಡೀ ಮನುಷ್ಯಕುಲದಲ್ಲಿ ಉಳಿದದ್ದು ಒಬ್ಬನೇ, ಅವನಿಗೆ ಬೇಕಾಗಿರುವುದು ತಣ್ಣನೆ ಬಿಯರು, ಚಿಕನ್ ವಿಂದಾಲೂ. ಇದು ತಮಾಷೆ. ಬೇರೆ ಯಾರಾದರೂ ಒಳ್ಳೆ ನಟ ಮಾಡಿದ್ದರೆ ಆ ಪಾತ್ರ ಪೆದ್ದನಾಗುತ್ತಿತ್ತು, ಇಲ್ಲ ಕಣ್ಣೀರಿಡುತ್ತಿತ್ತು ಅಂತ ನನ್ನ ಲೆಕ್ಕ. ಚಾರ್ಲ್ಸ್ ನಟಿಸುವ ಗೋಜಿಗೇ ಹೋಗಲಿಲ್ಲ. ಲಿವರ್‌ಪೂಲಿನ ಬಸ್‌ಸ್ಟಾಪಿನಲ್ಲಿ ನಿಂತ ಹುಡುಗ ಮಾತಾಡಿದ ಹಾಗೆ ಮಾತಾಡಿದರು. ನೋಡಿ, ಮೊದಲ ಎರಡು ಸರಣಿಯ ಸೆಟ್ಟು ಬೂದು ಬಣ್ಣದ ತಗಡಿನ ಹಾಗಿದೆ, ದುಡ್ಡಿಲ್ಲದೆ ಮಾಡಿದ್ದು ಅಂತ ಕಣ್ಣಿಗೆ ಹೊಡೆಯುತ್ತದೆ. ಸ್ವಲ್ಪ ತಡೆದುಕೊಳ್ಳಿ, ಮೂರನೆಯದರಿಂದ ಓಡುತ್ತದೆ.

ಪ್ರಶ್ನೆ: ವಿಂದಾಲೂ ಅಂದಿರಿ. ಆಲೂ ಇರುವ ಪಲ್ಯ ಅಲ್ವಾ ಅದು? (ತುಮಕೂರು)

ಅಲ್ಲ. ಪೋರ್ಚುಗೀಸರ ‘ವಿನ್ಯಾ ದಾಲ್ಯೋಸ್’, ಅಂದರೆ ದ್ರಾಕ್ಷಾರಸ ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿದ ಮಾಂಸ, ಗೋವಾಕ್ಕೆ ಬಂದು ವಿನೆಗರು, ಮೆಣಸಿನಕಾಯಿ ಸೇರಿ ವಿಂದಾಲೂ ಆಯಿತು. ಅಲ್ಲಿಂದ ಇಂಗ್ಲೆಂಡಿನ ಹೋಟೆಲುಗಳಿಗೆ ಹೋಗಿ ಅರ್ಥವೇ ಬದಲಾಯಿತು. ಅಲ್ಲಿ ವಿಂದಾಲೂ ಅಂದರೆ ಬಾಯಿ ಉರಿಯುವ ಖಾರ, ಗಂಡಸುತನದ ಪರೀಕ್ಷೆ. ಕೆಲವು ಕಡೆ ಹೆಸರು ನಂಬಿ ಆಲೂಗಡ್ಡೆಯನ್ನೂ ಹಾಕಿಬಿಡುತ್ತಾರೆ. ಲಿಸ್ಟರ್ ಪ್ರಾಣ ಬಿಡುವುದು ಈ ಇಂಗ್ಲೆಂಡಿನ ವಿಂದಾಲೂಗೆ. ಗೋವಾದ ಅಜ್ಜಿಯೊಬ್ಬರು ಅದನ್ನು ಕಂಡರೆ ಏನು ಹೇಳುತ್ತಾರೋ, ಇಲ್ಲಿ ಬರೆಯಲು ಬರಲ್ಲ.

ಪ್ರಶ್ನೆ: ಇಂಗ್ಲೆಂಡಿನಲ್ಲಿ ಮಗಳ ಮನೆಗೆ ಹೋಗಿದ್ದಾಗ ಅಳಿಯನ ಸ್ನೇಹಿತರೊಬ್ಬರು, ಚಿಕ್ಕವರಿದ್ದಾಗ ಟೀವಿಯಲ್ಲಿ ನಿಜವಾದ ದೆವ್ವ ತೋರಿಸಿ ಊರೆಲ್ಲ ಹೆದರಿತ್ತು, ಅದರಲ್ಲಿ ಈ ಚಾರ್ಲ್ಸ್ ಇದ್ದರು ಅಂದರು. ಹೌದಾ? (ಮೈಸೂರು)

ಹೌದು. ದೆವ್ವ ಮಾತ್ರ ನಿಜವಲ್ಲ.

1992, ಅಕ್ಟೋಬರ್ 31ರ ರಾತ್ರಿ, ಹ್ಯಾಲೋವೀನ್, ಅಂದರೆ ಅಲ್ಲಿನವರ ದೆವ್ವ-ಭೂತದ ಹಬ್ಬ. ಬಿಬಿಸಿ 1ರಲ್ಲಿ ‘ಗೋಸ್ಟ್‌ವಾಚ್’ ಅಂತ ಕಾರ್ಯಕ್ರಮ. ಸ್ಟುಡಿಯೊದಲ್ಲಿ ಕೂತವರು ಮೈಕೆಲ್ ಪಾರ್ಕಿನ್ಸನ್. ಬ್ರಿಟನ್ನಿನ ಜನ ಮನೆಯ ಹಿರಿಯರ ಹಾಗೆ ನಂಬಿದ್ದ ನಿರೂಪಕ. ಲಂಡನ್ನಿನ ಒಂದು ಸಾಮಾನ್ಯ ಮನೆಯಲ್ಲಿ ತಾಯಿ, ಇಬ್ಬರು ಹೆಣ್ಣುಮಕ್ಕಳು, ರಾತ್ರಿ ಏನೇನೋ ಸದ್ದು. ತಾಯಿ, ಅದು ಪೈಪಿನ ಸದ್ದು ಮಗಾ ಅಂತ ಸಮಾಧಾನ ಹೇಳಿದ್ದಕ್ಕೆ ಮಕ್ಕಳು ದೆವ್ವಕ್ಕೆ ಪೈಪ್ಸ್ ಅಂತಲೇ ಹೆಸರಿಟ್ಟಿದ್ದಾರೆ. ಒಳಗೆ ಕ್ಯಾಮೆರಾ ಜೊತೆ ಮಕ್ಕಳ ಕಾರ್ಯಕ್ರಮದಿಂದ ಪರಿಚಯವಿದ್ದ ಸಾರಾ ಗ್ರೀನ್. ಹೊರಗೆ ಬೀದಿಯಲ್ಲಿ ಮೈಕು ಹಿಡಿದು ಅಕ್ಕಪಕ್ಕದವರನ್ನು ಮಾತಾಡಿಸುತ್ತಾ, ಜೋಕು ಹೊಡೆಯುತ್ತಾ ಓಡಾಡುವ ವರದಿಗಾರ ನಮ್ಮ ಕ್ರೇಗ್ ಚಾರ್ಲ್ಸ್. ಎಲ್ಲರೂ ತಮ್ಮ ತಮ್ಮ ಹೆಸರಿನಲ್ಲೇ ಇದ್ದಾರೆ. ನೋಡುವವರಿಗೆ ಇದು ನೇರ ಪ್ರಸಾರ. ನಿಜಕ್ಕೂ ಅದು ಸ್ಟೀಫನ್ ವೋಕ್ ಬರೆದ ನಾಟಕ. ಮೊದಲೇ ಚಿತ್ರೀಕರಣ ಮುಗಿದಿತ್ತು. ಶುರುವಿನಲ್ಲಿ ಬರೆದವರ ಹೆಸರೂ ಬರುತ್ತದೆ. ಯಾರು ನೋಡುತ್ತಾರೆ?

ಪರದೆಯಲ್ಲಿ ಒಂದು ಫೋನ್ ನಂಬರು. ಅದು ಬಿಬಿಸಿಯ ಮಾಮೂಲಿ ನಂಬರೇ. ಮಾಡಿದರೆ, ಇದು ಕಟ್ಟುಕಥೆ, ಹೆದರಬೇಡಿ ಎಂಬ ಧ್ವನಿ ಕೇಳಿಸಬೇಕಿತ್ತು. ಆದರೆ ಎಷ್ಟು ಜನ ಮಾಡಿದರೆಂದರೆ ಲೈನೇ ಸಿಗಲಿಲ್ಲ. ಬಿಜಿ ಟೋನ್ ಕೇಳಿದವರು, ಅಯ್ಯೋ ಎಲ್ಲರಿಗೂ ದೆವ್ವ ಕಾಣುತ್ತಿದೆ ಅಂತ ಇನ್ನೂ ಹೆದರಿದರು. ಒಂದು ಕೋಟಿಗೂ ಹೆಚ್ಚು ಜನ ನೋಡಿದ ಈ ಕಾರ್ಯಕ್ರಮವನ್ನು ಬಿಬಿಸಿ ತನ್ನ ಟೀವಿಯಲ್ಲಿ ಮತ್ತೆ ಹಾಕಲೇ ಇಲ್ಲ.

ಇದರಲ್ಲಿ ಚಾರ್ಲ್ಸ್ ಕೆಲಸ ಸಣ್ಣದು ಅನಿಸುತ್ತದೆ. ನನಗೆ ಹಾಗನಿಸಲ್ಲ. ಎಲ್ಲರೂ ಗಂಭೀರವಾಗಿದ್ದರೆ ನಾಟಕ ಅಂತ ಗೊತ್ತಾಗಿಬಿಡುತ್ತಿತ್ತು. ಇವರು ಅಪದ್ಧ ಜೋಕು ಹೊಡೆದು, ಪಾರ್ಕಿನ್ಸನ್ ಮುಖ ಸಿಂಡರಿಸಿದಾಗಲೇ ಜನ ಇದು ನಿಜ ಅಂದುಕೊಂಡದ್ದು. ನಿಜವಾದ ಲೈವಿನಲ್ಲಿ ಹೀಗೇ ತಾನೇ ಆಗುವುದು?

ಪ್ರಶ್ನೆ: ರೋಬಾಟ್ ಜಗಳ ತೋರಿಸುತ್ತಿದ್ದವರು ಇವರೇನಾ? ಮಗ ಕೇಳುತ್ತಿದ್ದಾನೆ. (ದಾವಣಗೆರೆ)

ಇವರೇ. ‘ರೋಬಾಟ್ ವಾರ್ಸ್’. ಮೊದಲ ಸರಣಿ ನಡೆಸಿದವರು ಕಾರುಗಳ ಕಾರ್ಯಕ್ರಮದ ಜೆರೆಮಿ ಕ್ಲಾರ್ಕ್‌ಸನ್. 1998ರಲ್ಲಿ ಎರಡನೇ ಸರಣಿಯಿಂದ 2004ರ ತನಕ ಚಾರ್ಲ್ಸ್. ಅಪ್ಪ ಮಗ ಸೇರಿ ಗ್ಯಾರೇಜಿನಲ್ಲಿ ಮಾಡಿದ ಯಂತ್ರಗಳು ಒಂದನ್ನೊಂದು ಕೊಚ್ಚಿ ಹಾಕುತ್ತವೆ, ಇವರು ಉದ್ದನೆಯ ಕಪ್ಪು ಕೋಟು ಹಾಕಿಕೊಂಡು ಮೇಲೆ ನಿಂತಿರುತ್ತಾರೆ. ಕೊನೆಯಲ್ಲಿ ಪ್ರಾಸಬದ್ಧವಾಗಿ ನಾಲ್ಕು ಸಾಲು ಹೇಳಿ ಮುಗಿಸುತ್ತಿದ್ದರು. ಹಳೆ ಕವಿಯ ಚಟ, ಎಲ್ಲಿ ಹೋಗುತ್ತದೆ! ಪ್ರಾಸ ಚೆನ್ನಾಗಿರುತ್ತಿತ್ತಾ ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ಜಪಾನಿ ಭಾಷೆ ಬರದೆ ತಕೇಶಿಗೆ ಕಾಮೆಂಟ್ರಿ ಹೇಳಿದ್ದು ಹೇಗೆ? ಜಾಫ್ರಿಗೂ ಬರುತ್ತಿರಲಿಲ್ಲ ತಾನೇ? (ಶಿವಮೊಗ್ಗ)

ಭಾಷೆ ಬರದಿದ್ದರೇ ವಾಸಿ. ಜಪಾನಿನ ಟಿಬಿಎಸ್ ವಾಹಿನಿ ಅದನ್ನು ತೋರಿಸಲು ಶುರು ಮಾಡಿದ್ದು 1986ರಲ್ಲಿ. ಬ್ರಿಟನ್ನಿನವರು ಕತ್ತರಿಸಿ, ಜೋಡಿಸಿ, ಚಾರ್ಲ್ಸ್ ಧ್ವನಿ ಹಾಕಿಸಿದ್ದು 2002ರಲ್ಲಿ. ಅಷ್ಟರಲ್ಲಿ ಅದರಲ್ಲಿ ಬಿದ್ದವರಿಗೆಲ್ಲ ಮದುವೆಯಾಗಿ ಮಕ್ಕಳಾಗಿರಬೇಕು. ಮೂಲದಲ್ಲಿ ಅವರು ಏನು ಮಾತಾಡಿದರು ಅನ್ನುವುದು ಯಾರಿಗೂ ಬೇಕಿರಲಿಲ್ಲ. ಚಿತ್ರ ನೋಡಿ ಬಾಯಿಗೆ ಬಂದದ್ದು ಹೇಳಬೇಕು, ಅದು ಕೂಡ ಕ್ಷಣದಲ್ಲಿ. ಒಬ್ಬ ಕಲ್ಲಿನಿಂದ ಕಲ್ಲಿಗೆ ಹಾರಿ ನೀರಿಗೆ ಬೀಳಲು ಎಷ್ಟು ಹೊತ್ತು ಬೇಕು? ಐದಾರು ಸೆಕೆಂಡು. ಅಷ್ಟರಲ್ಲಿ ಅವನಿಗೊಂದು ಹೆಸರಿಡಬೇಕು, ಒಂದು ಉದ್ಯೋಗ ಕೊಡಬೇಕು, ಬೀಳುವ ಮುಂಚೆ ಜೋಕು ಮುಗಿಯಬೇಕು. ಸರಿಯಾಗಿ ಛಪ್ ಅನ್ನುವಾಗ ಬಾಯಿ ಮುಚ್ಚಬೇಕು! ಜಾಫ್ರಿ ಮಾಡಿದ್ದೂ ಇದನ್ನೇ, ನಮ್ಮ ರುಚಿಗೆ ತಕ್ಕ ಮಸಾಲೆ ಹಾಕಿ. ನಮ್ಮ ಮನೆಯಲ್ಲಿ ಹಿಂದಿ ಸರಿಯಾಗಿ ಬರದ ಅತ್ತೆ ಕೂಡ ಅದನ್ನು ನೋಡಿ ನಕ್ಕು ನಕ್ಕು ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅಂದಹಾಗೆ ಕೋಟೆಯ ಒಡೆಯನಾಗಿ ಕೂತಿರುತ್ತಿದ್ದ ತಕೇಶಿ ಕಿಟಾನೊ ಇದಕ್ಕಿಂತ ವಿಚಿತ್ರ. ಜಪಾನಿನ ಹಾಸ್ಯಗಾರ, ಆಮೇಲೆ ಸಿನಿಮಾ ನಿರ್ದೇಶಕರಾಗಿ 1997ರಲ್ಲಿ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಹೊಡೆದರು. ಅವರದು ಇನ್ನೊಂದು ವಾರದ ಪುಟ.

ಪ್ರಶ್ನೆ: ಇಂಥವರಿಗೆ ಏನಾದರೂ ಲಫಡಾ ಇರಲೇಬೇಕು. ಇದ್ದರೆ ಬರೆಯಿರಿ. (ಹೆಸರು, ಊರು ಬೇಡ ಅಂದಿದ್ದಾರೆ)

ನಿಮ್ಮ ಊರು ಬೇಡ, ಇನ್ನೊಬ್ಬರದು ಬೇಕು! ಚುಟುಕಾಗಿ ಹೇಳುತ್ತೇನೆ. 1994ರಲ್ಲಿ ಅವರ ಮೇಲೆ ಗಂಭೀರ ಆರೋಪ ಬಂದು ಮೂರು ತಿಂಗಳಿಗೂ ಜಾಸ್ತಿ ವಿಚಾರಣಾಧೀನ ಕೈದಿಯಾಗಿ ಜೈಲಿನಲ್ಲಿದ್ದರು. 1995ರಲ್ಲಿ ಜ್ಯೂರಿ ಅವರನ್ನು ನಿರ್ದೋಷಿ ಅಂತ ಬಿಟ್ಟಿತು. 2006ರಲ್ಲಿ ಮಾದಕ ವಸ್ತುವಿನ ವಿಷಯ ಪೇಪರಿನಲ್ಲಿ ಬಂತು, ಟೀವಿ ಮತ್ತು ರೇಡಿಯೊ ಎರಡೂ ಕೆಲಸದಿಂದ ದೂರ ಇಟ್ಟರು, ಪೊಲೀಸರು ಎಚ್ಚರಿಕೆ ಕೊಟ್ಟರು, ಆಮೇಲೆ ಎರಡಕ್ಕೂ ವಾಪಸ್ ಬಂದರು. ಇಷ್ಟು ಸಾಕು.

ಪ್ರಶ್ನೆ: ಧಾರಾವಾಹಿಯಲ್ಲಿ ಹತ್ತು ವರ್ಷ ಟ್ಯಾಕ್ಸಿ ಓಡಿಸಿದರಂತೆ? (ಗದಗ)

‘ಕಾರೊನೇಷನ್ ಸ್ಟ್ರೀಟ್’. 1960ರ ಡಿಸೆಂಬರಿನಲ್ಲಿ ಶುರುವಾಗಿ ಇನ್ನೂ ಮುಗಿಯದ ಧಾರಾವಾಹಿ. ನಮ್ಮ ಮೆಗಾ ಸೀರಿಯಲ್‌ಗಳನ್ನು ಬೈಯುವವರು ಇದನ್ನೊಮ್ಮೆ ನೆನಪಿಸಿಕೊಳ್ಳಿ. ಮೊದಲ ಕಂತಿನಲ್ಲಿದ್ದ ವಿಲಿಯಂ ರೋಚ್ ಹುಡುಗನಾಗಿ ಹೋಗಿ ಅಲ್ಲೇ ಮುದುಕರಾದರು. ಚಾರ್ಲ್ಸ್ 2005ರಿಂದ 2015ರ ತನಕ ಅದರಲ್ಲಿ ಲಾಯ್ಡ್ ಮುಲೇನಿ ಎಂಬ ಟ್ಯಾಕ್ಸಿ ಡ್ರೈವರ್. ಬಿಟ್ಟದ್ದು ರೆಡ್ ಡ್ವಾರ್ಫ್ ಮತ್ತೆ ಕರೆದದ್ದಕ್ಕೆ. ಅದಕ್ಕೆ ಮುಂಚೆ 2014ರಲ್ಲಿ ಸೆಲೆಬ್ರಿಟಿಗಳನ್ನು ಕಾಡಿಗೆ ಕಳಿಸುವ ರಿಯಾಲಿಟಿ ಷೋಗೆ ಹೋಗಿದ್ದರು. ಅಣ್ಣ ತೀರಿಕೊಂಡ ಸುದ್ದಿ ಬಂದು ಕೆಲವೇ ದಿನಕ್ಕೆ ಹೊರಟು ಬಂದರು.

ಪ್ರಶ್ನೆ: ಇಷ್ಟೆಲ್ಲ ಮಾಡಿದವರಿಗೆ ರೇಡಿಯೊ ಯಾಕೆ ಬೇಕಿತ್ತು? ಹಾಡು ಹಾಕೋದು ಯಾರು ಬೇಕಾದರೂ ಮಾಡ್ತಾರೆ. (ಧಾರವಾಡ)

ಇಲ್ಲಿ ನಿಮ್ಮ ಜೊತೆ ಜಗಳ. ನನ್ನ ಪ್ರಕಾರ ಅವರು ಮಾಡಿದ್ದರಲ್ಲಿ ರೇಡಿಯೊ ಕೆಲಸವೇ ಎಲ್ಲಕ್ಕಿಂತ ಗಟ್ಟಿ.

ಬಿಬಿಸಿ 2002ರ ಮಾರ್ಚಿನಲ್ಲಿ ‘6 ಮ್ಯೂಸಿಕ್’ ಅಂತ ಡಿಜಿಟಲ್ ರೇಡಿಯೊ ಶುರು ಮಾಡಿತು. ಎಫ್‌ಎಂನಲ್ಲಿ ಸಿಗಲ್ಲ. ಹೆಚ್ಚು ಜನ ಕೇಳುತ್ತಿರಲಿಲ್ಲ. ಆ ವರ್ಷದಿಂದಲೇ ಅಲ್ಲಿ ಇವರ ಫಂಕ್ ಮತ್ತು ಸೋಲ್ (ಎರಡೂ ಅಮೆರಿಕದ ಕಪ್ಪು ಜನರ ಸಂಗೀತ) ಕಾರ್ಯಕ್ರಮ, ಬಹಳ ವರ್ಷ ಶನಿವಾರ ಸಂಜೆ ಮೂರು ಗಂಟೆ ಹೊತ್ತು. 2010ರಲ್ಲಿ ಬಿಬಿಸಿ, ದುಡ್ಡು ಉಳಿಸೋಣ, ಈ ಸ್ಟೇಷನ್ ಮುಚ್ಚೋಣ ಅಂತ ಹೊರಟಿತು. ಕೇಳುಗರು ಗಲಾಟೆ ಎಬ್ಬಿಸಿದರು, ಗಾಯಕರೂ ಸೇರಿಕೊಂಡರು, ಅದೇ ವರ್ಷ ಮುಚ್ಚುವ ಪ್ಲಾನು ಬಿದ್ದುಹೋಯಿತು. ಆ ಗಲಾಟೆಯಿಂದಲೇ ಎಷ್ಟೋ ಜನರಿಗೆ ಹೀಗೊಂದು ಸ್ಟೇಷನ್ ಇದೆ ಅಂತ ಗೊತ್ತಾಗಿದ್ದು. 2022ರಿಂದ ಚಾರ್ಲ್ಸ್‌ಗೆ ವಾರದ ದಿನಗಳ ಮಧ್ಯಾಹ್ನವೂ ಸಿಕ್ಕಿತು.

ಈಗ ಹಾಡಿನ ವಿಷಯ. ಅಮೆರಿಕದ ಕಪ್ಪು ಜನರ ಸಂಗೀತದ ಹುಚ್ಚು ಇಂಗ್ಲೆಂಡಿನ ಉತ್ತರಕ್ಕೆ ಯಾಕೆ? ಲಿವರ್‌ಪೂಲಿನಿಂದ ನ್ಯೂಯಾರ್ಕಿಗೆ ಓಡುತ್ತಿದ್ದ ಹಡಗುಗಳಲ್ಲಿ ಕೆಲಸಕ್ಕಿದ್ದ ಹುಡುಗರು 50ರ ದಶಕದಲ್ಲೇ ಅಲ್ಲಿನ ರೆಕಾರ್ಡು ಹೊತ್ತು ತರುತ್ತಿದ್ದರು. ಆಮೇಲೆ ‘ನಾರ್ದರ್ನ್ ಸೋಲ್’ ಎಂಬ ಹುಚ್ಚು ಹತ್ತಿತು. ವಿಗನ್ ಅಂತ ಒಂದು ಊರು, ಕಲ್ಲಿದ್ದಲು ಗಣಿ, ಹತ್ತಿಗಿರಣಿಗಳ ಊರು. ಅಲ್ಲಿನ ವಿಗನ್ ಕಸಿನೊ ಎಂಬ ಕುಣಿತದ ಕ್ಲಬ್ಬಿನಲ್ಲಿ 1973ರಿಂದ 1981ರ ತನಕ ರಾತ್ರಿಯಿಡೀ ಕುಣಿತ. ಹೆಂಡ ಮಾರುವಂತಿಲ್ಲ. ಕಾಲು ಜಾರಲಿ ಅಂತ ನೆಲಕ್ಕೆ ಟಾಲ್ಕಂ ಪೌಡರು ಉದುರಿಸಿಕೊಂಡು ಬೆಳಗಿನ ತನಕ ಗಿರಗಿರ ಸುತ್ತುವುದು. ಕುಣಿಯುತ್ತಿದ್ದದ್ದು ಎಂಥ ಹಾಡಿಗೆ? ಡೆಟ್ರಾಯ್ಟ್ ಕಡೆ ಬಿಡುಗಡೆಯಾಗಿ, ಅಲ್ಲಿ ಒಬ್ಬರೂ ಕೊಳ್ಳದೆ ಗೋಡೌನಿನಲ್ಲಿ ಬಿದ್ದಿದ್ದ ಹಾಡಿಗೆ! ಡಿಜೆಗಳು ಆ ರೆಕಾರ್ಡು ಹುಡುಕಿ ತಂದು, ಪಕ್ಕದ ಡಿಜೆಗೆ ಹೆಸರು ಗೊತ್ತಾಗದಿರಲಿ ಅಂತ ಲೇಬಲ್ ಮೇಲೆ ಬೇರೆ ಕಾಗದ ಅಂಟಿಸಿ ಸುಳ್ಳು ಹೆಸರು ಬರೆಯುತ್ತಿದ್ದರು. ನಮ್ಮೂರ ಅಡುಗೆ ಭಟ್ಟರು ಸಾರಿನ ಪುಡಿ ಡಬ್ಬಿಯ ಮೇಲೆ ‘ಅರಿಶಿನ’ ಅಂತ ಬರೆದಿಡುತ್ತಿದ್ದರು, ಅದೇ ಬುದ್ಧಿ. ಅಂಥ ಒಂದು ರೆಕಾರ್ಡು 2009ರಲ್ಲಿ 25 ಸಾವಿರ ಪೌಂಡಿಗೂ ಜಾಸ್ತಿಗೆ ಮಾರಾಟವಾಗಿದೆ.

ಇಂಥ ಜಾಗದಲ್ಲಿ ಡಿಜೆ ಅಂದರೆ ಗುಂಡಿ ಒತ್ತುವವರಲ್ಲ, ಹುಡುಕುವವರು. ಚಾರ್ಲ್ಸ್ ಹಳೆಯದರ ಪಕ್ಕ ಹೊಸ ಬ್ಯಾಂಡುಗಳನ್ನೂ ಹಾಕುತ್ತಾರೆ, ನಡುವೆ ಅದೇ ಲಿವರ್‌ಪೂಲಿನ ರಾಗದಲ್ಲಿ ಕೇಳುವವರನ್ನು ಕುರ್ಚಿಯಿಂದ ಎಬ್ಬಿಸುತ್ತಾರೆ. ನಾನು ಕೆಲಸ ಹುಡುಕುತ್ತಿದ್ದ ಕಾಲದಲ್ಲಿ ಒಂದು ರೇಡಿಯೊ ಕೇಂದ್ರಕ್ಕೆ ಧ್ವನಿ ಪರೀಕ್ಷೆಗೆ ಹೋಗಿದ್ದೆ. ಗಾಜಿನ ಆಚೆ ಇದ್ದವರು, ಓದಬೇಡಪ್ಪಾ, ಮಾತಾಡು ಅಂದರು. ಮೂರು ಸಲ ಹೇಳಿದರು. ಮೂರು ಸಲವೂ ಓದಿದೆ. ಅದಕ್ಕೇ ಈಗ ಬರೆದುಕೊಂಡು ಕೂತಿದ್ದೇನೆ. ಅಲ್ಲಿಂದ ಈಚೆಗೆ ಮೈಕಿನ ಮುಂದೆ ಸಲೀಸಾಗಿ ಮಾತಾಡುವವರನ್ನು ಕಂಡರೆ ನನಗೆ ಭಕ್ತಿ.

ಪ್ರಶ್ನೆ: ಮಗ ಆ್ಯಂಕರಿಂಗ್ ಮಾಡ್ತೀನಿ, ಸಿನಿಮಾ ಮಾಡ್ತೀನಿ, ಆರ್‌ಜೆ ಆಗ್ತೀನಿ ಅಂತಾನೆ. ಹತ್ತು ಕಡೆ ಕಾಲಿಟ್ಟರೆ ಯಾವುದೂ ಆಗಲ್ಲ ಅಂತ ನಾನು. ಯಾರು ಸರಿ? (ಮಂಡ್ಯ)

ಅಮ್ಮಾ, ನೀವು ಹತ್ತು ಕಡೆ ಅಂತ ಎಣಿಸುತ್ತಿದ್ದೀರಿ, ನನಗೆ ಮೂರೂ ಒಂದೇ ಕಡೆ ಕಾಣುತ್ತಿವೆ. ಚಾರ್ಲ್ಸ್ ಕ್ಲಬ್ಬಿನಲ್ಲಿ ಕವಿತೆ ಹೇಳಿದ್ದು, ಲಿಸ್ಟರ್ ಆದದ್ದು, ದೆವ್ವದ ಮನೆಯ ಮುಂದೆ ನಿಂತದ್ದು, ಹಾಡು ಹಾಕಿದ್ದು, ಎಲ್ಲದರಲ್ಲೂ ಅದೇ ಬಾಯಿ. ನಮ್ಮ ಗಣೇಶ್ ಕೂಡ ಟೀವಿಯಲ್ಲಿ ‘ಕಾಮಿಡಿ ಟೈಮ್’ ಮಾಡುತ್ತಾ ಮಾಡುತ್ತಾ ಹೀರೋ ಆದವರಲ್ವಾ? ಮಗನ ಮಾತು ನಿಮ್ಮ ಬೀದಿಯ ಜನ ನಿಂತು ಕೇಳುತ್ತಾರಾ ನೋಡಿ. ಕೇಳಿದರೆ ಬಿಟ್ಟುಬಿಡಿ. ನೀವೊಬ್ಬರೇ ಕೇಳುತ್ತಿದ್ದರೆ ಡಿಗ್ರಿ ಮುಗಿಸಲಿ.

ಪ್ರಶ್ನೆ: ತಕೇಶಿಯ ಆ ಕಲ್ಲು ದಾಟುವ ಆಟ ನೀವು ದಾಟುತ್ತೀರಾ? ನಿಜ ಹೇಳಿ. (ತೀರ್ಥಹಳ್ಳಿ)

ಆ ಆಟದ ಗುಟ್ಟು ಗೊತ್ತಲ್ಲ, ಕೆಲವು ಕಲ್ಲು ಗಟ್ಟಿ, ಕೆಲವು ಸುಮ್ನೆ ತೇಲುತ್ತಿರುತ್ತವೆ, ನೋಡಲು ಎಲ್ಲವೂ ಒಂದೇ. ಹೋದ ಮಳೆಗಾಲದಲ್ಲಿ ಹೆಂಡತಿಯ ತವರಿನ ತೋಟದಲ್ಲಿ ಸಂಕ ದಾಟುತ್ತಿದ್ದೆ. ಎರಡೇ ಅಡಿಕೆ ಮರದ ಸಂಕ, ಪಾಚಿ ಕಟ್ಟಿತ್ತು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಹಲಸಿನಹಣ್ಣು. ನಡುವಿಗೆ ಬಂದಾಗ ಹಲಸಿನಹಣ್ಣು ಬಿಡೋದೋ ಕೊಡೆ ಬಿಡೋದೋ ಅಂತ ಯೋಚಿಸಿದೆ, ಅಷ್ಟರಲ್ಲಿ ಸೊಂಟದ ತನಕ ಹಳ್ಳದಲ್ಲಿದ್ದೆ. ದಡದಲ್ಲಿ ನಿಂತಿದ್ದ ಭಾವ ಕೈ ಕೊಡುವ ಮುಂಚೆ ಕಾಮೆಂಟ್ರಿ ಶುರು ಮಾಡಿದ: “ಬೆಂಗಳೂರಿನಿಂದ ಬಂದ ಸ್ಪರ್ಧಿ, ವಯಸ್ಸು ಐವತ್ತೆರಡು, ಹಣ್ಣು ಮಾತ್ರ ಕೈಬಿಟ್ಟಿಲ್ಲ.”